ಎರಡು ಬಟ್ಟಲು ಗಂಜಿ

ಭಾನುವಾರ, ಮಧ್ಯಾಹ್ನ

ದಿನವೂ ಫೋನು ಮಾಡಿ ‘ಏನು ತಿಂದಳು’ ಎಂದು ವಿಚಾರಿಸುವ ನನ್ನ ಅಮ್ಮನಿಗೆ,

ಮೊದಲು ನಿನ್ನ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಮುಂದೆ ಓದುವವಳಲ್ಲ. ಬೆಳಿಗ್ಗೆ ಹಾಲಿನಲ್ಲಿ ನೆನೆಸಿದ ಬ್ರೆಡ್ಡು, ಅಂಚು ತೆಗೆದದ್ದು. ಮಧ್ಯಾಹ್ನ ಬೆಣ್ಣೆ ಹಾಕಿ ನುಣ್ಣಗೆ ಹಿಸುಕಿದ ಆಲೂಗಡ್ಡೆ. ಈಗ ಈ ಕಾಗದದ ಪಕ್ಕದಲ್ಲೇ ಒಂದು ಬಟ್ಟಲು ಐಸ್‌ಕ್ರೀಮು ಇದೆ. ಗಂಟಲು ಕೆಡುತ್ತದೆ ಎಂದು ಚಿಕ್ಕಂದಿನಲ್ಲಿ ನೀನು ಕೊಡಿಸದೇ ಇದ್ದದ್ದನ್ನೆಲ್ಲ, ಗಂಟಲು ಕೆಟ್ಟಿತೆಂಬ ಕಾರಣಕ್ಕೇ ಈಗ ಬಡ್ಡಿ ಸಮೇತ ತಿನ್ನುತ್ತಿದ್ದೇನೆ.

ಇನ್ನು ನಿನ್ನ ಎರಡನೆಯ ಪ್ರಶ್ನೆ, ನಾನು ಯಾವಾಗ ಬರುತ್ತೇನೆ ಎಂಬುದು. ಆಪರೇಷನ್ನಿಗೆ ಮುಂಚೆ ನಿನ್ನ ಅಡುಗೆಮನೆಯಲ್ಲಿ ಕೂತು ಅತ್ತದ್ದು ನನಗೆ ನೆನಪಿದೆ. ಟಾನ್ಸಿಲ್ ತೆಗೆಸಿಕೊಂಡು, ಪ್ರಯಾಣ ಮಾಡಬಹುದು ಎಂದು ಡಾಕ್ಟರು ಅಂದ ದಿನವೇ ಬಂದುಬಿಡುತ್ತೇನೆ, ಎಷ್ಟು ದಿನಕ್ಕೆ ಎಂದು ಮಾತ್ರ ಕೇಳಬೇಡ ಎಂದಿದ್ದೆ. ನೀನು ಕೇಳಲಿಲ್ಲ. ನನ್ನ ಹಳೆಯ ಕೋಣೆಯನ್ನು ತೊಳೆದು ಹಾಸಿಗೆ ಬಿಸಿಲಿಗೆ ಹಾಕಿದ್ದೀಯೆಂದು ತಮ್ಮ ಹೇಳಿದ. ಬಟ್ಟೆ ತುಂಬಿದ ನನ್ನ ಚೀಲವೂ ಇಲ್ಲಿ ಮಂಚದ ಕೆಳಗೆ ಸಿದ್ಧವಾಗಿ ಕೂತಿತ್ತು. ಆಪರೇಷನ್ ಥಿಯೇಟರಿಗೆ ಹೋಗುವಾಗ ನನ್ನ ತಲೆಯಲ್ಲಿ ಇದ್ದದ್ದು ಆ ಚೀಲ ಒಂದೇ. ಈ ಮನೆಗೆ ನಾನು ತಿರುಗಿ ಬರುವುದು ಗಂಟಲು ಮಾಗಿಸಿಕೊಳ್ಳಲಿಕ್ಕೆ, ಬಾಳುವುದಕ್ಕಲ್ಲ ಎಂದುಕೊಂಡಿದ್ದೆ.

ನಿನ್ನ ಅಳಿಯ ಒಳ್ಳೆಯವರು, ಮಾವನೂ ಒಳ್ಳೆಯವರು. ಅದೇ ತೊಂದರೆ. ಕೆಟ್ಟವರಾಗಿದ್ದರೆ ನಾನು ಎಂದೋ ಎದ್ದು ಬರುತ್ತಿದ್ದೆ. ಆರು ವರ್ಷದ ಹಿಂದೆ ಕೆಳಗಿನ ಟೈಲರ್ ಅಂಗಡಿಯಲ್ಲಿ ಒಬ್ಬ ಗಿರಾಕಿಯ ಎದುರೇ ಇವರು, ಅಪ್ಪ ಕತ್ತರಿಸಿದ ಕಾಲರ್ ಎತ್ತರವಾಯಿತು ಎಂದುಬಿಟ್ಟರು. ಮಾವ ಟೇಪನ್ನು ಕೊರಳಿಗೆ ಹಾಕಿಕೊಂಡು ನನ್ನ ಕಡೆ ತಿರುಗಿ, ಕತ್ತರಿ ಹಿಡಿಯೋದು ಕಲಿತ ಮೇಲೆ ಮಾತಾಡು ಅಂತ ನಿನ್ನ ಗಂಡನಿಗೆ ಹೇಳು ಎಂದರು. ಇವರೂ ನನ್ನ ಕಡೆಗೇ ತಿರುಗಿ, ಕನ್ನಡಕ ಬದಲಾಯಿಸಿಕೊಳ್ಳಿ ಅಂತ ನಿನ್ನ ಮಾವನಿಗೆ ಹೇಳು ಎಂದರು. ನಾನು ಬಾಯಲ್ಲಿ ದಾರ ಕಚ್ಚಿಕೊಂಡು ಗುಂಡಿ ಹೊಲಿಯುತ್ತಿದ್ದೆ. ಆ ದಾರ ಬಿಟ್ಟು, ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ದಾಟಿಸಿದ್ದೇ ನಾನು ಮಾಡಿದ ತಪ್ಪು.

ಅಲ್ಲಿಂದ ಅಂಗಡಿಯಲ್ಲಿ ಮಾವ ಬಟ್ಟೆ ಕತ್ತರಿಸುವುದು, ಇವರು ಹೊಲಿಯುವುದು, ನಾನು ಗುಂಡಿ, ಕಾಜ ಮತ್ತು ಮಾತು. ತೋಳು ಅರ್ಧ ಇಂಚು ಇಳಿಸಲು ಹೇಳು. ಲೈನಿಂಗ್ ಸಾಲದು ಅಂತ ಹೇಳು. ಊಟಕ್ಕೆ ಏಳು ಅಂತ ಹೇಳು. ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ಕೂತ ಇಬ್ಬರು ಗಂಡಸರ ನಡುವೆ ನಾನು ಬೆಳಿಗ್ಗೆಯಿಂದ ಸಂಜೆಯವರೆಗೆ ಓಡಾಡುತ್ತಿದ್ದೆ. ಅದೂ ಬರೀ ದಾಟಿಸುವುದಲ್ಲ, ಮುಳ್ಳು ಬಿಡಿಸಿ ಕೊಡಬೇಕು. ‘ಆ ಮುದುಕರಿಗೆ ಹೇಳು’ ಎಂಬುದು ನನ್ನ ಬಾಯಿಗೆ ಬರುವಷ್ಟರಲ್ಲಿ ‘ಮಾವ, ಇವರು ಕೇಳ್ತಿದ್ದಾರೆ’ ಎಂದಾಗಬೇಕು. ಪದೇ ಪದೇ ಸೋಂಕು ತಗಲಿ ಟಾನ್ಸಿಲ್ ಹಾಳಾಗಿದೆ ಎಂದರು ಡಾಕ್ಟರು. ನನ್ನನ್ನು ಕೇಳಿದರೆ ಅದು ಸವೆದುಹೋಗಿತ್ತು.

ಆಸ್ಪತ್ರೆಯಿಂದ ಬಂದ ಮೊದಲ ದಿನಗಳನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ ಅಮ್ಮ. ಉಗುಳು ನುಂಗಿದರೆ ನೋವು ಗಂಟಲಲ್ಲಿ ಹುಟ್ಟಿ ಕಿವಿಯಲ್ಲಿ ಕೊನೆಯಾಗುತ್ತಿತ್ತು. ಆಕಳಿಕೆ ಬಂದರೆ ಅತ್ತೇಬಿಡುತ್ತಿದ್ದೆ. ನೋಯುತ್ತದೆಂದು ನುಂಗದೇ ಕೂತರೆ ಒಣಗಿ ಇನ್ನಷ್ಟು ನೋಯುತ್ತದೆ, ತಣ್ಣಗಿನ ಮೆತ್ತನೆಯ ಆಹಾರ ತಿನ್ನುತ್ತಲೇ ಇರಬೇಕು, ಮಾತು ಮಾತ್ರ ಬೇಡ ಎಂದು ಡಾಕ್ಟರ ಅಪ್ಪಣೆ. ಅದನ್ನು ಅಪ್ಪ ಮಗ ಇಬ್ಬರೂ ಅಕ್ಕಪಕ್ಕ ನಿಂತು ಕೇಳಿಸಿಕೊಂಡರು. ಆಮೇಲೆ ಇಬ್ಬರೂ ಬೇರೆ ಬೇರೆಯಾಗಿ ಪಾಲಿಸಿದರು.

ಮೊದಲು ಮಾವ ಗಂಜಿ ತಂದರು. ಅದನ್ನು ಕಷ್ಟಪಟ್ಟು ಮುಗಿಸಿ ಮಲಗುವಷ್ಟರಲ್ಲಿ ಇವರು ಇನ್ನೊಂದು ಬಟ್ಟಲು ತಂದರು. ಮಾವನ ಗಂಜಿ ಕಾಲರಿಗೆ ಕ್ಯಾನ್ವಾಸ್ ಅಂಟಿಸುವಷ್ಟು ಗಟ್ಟಿ. ಇವರದ್ದರಲ್ಲಿ ಅಗುಳನ್ನು ಹುಡುಕಬೇಕು. ಒಂದನ್ನು ಬಿಟ್ಟರೆ ಒಬ್ಬರ ಮುಖ ಬಾಡುತ್ತದೆ, ಅದನ್ನು ನೋಡಲಾರದೆ ಎರಡನ್ನೂ ಕುಡಿದೆ. ಪ್ರತಿ ಹೊತ್ತೂ ಹೀಗೇ. ಫ್ರಿಜ್ಜಿನಲ್ಲಿ ಎರಡು ಡಬ್ಬಿ ಐಸ್‌ಕ್ರೀಮು, ಎರಡೂ ವೆನಿಲ್ಲಾ, ಇಬ್ಬರೂ ಒಂದೇ ಅಂಗಡಿಯಿಂದ ಗುಟ್ಟಾಗಿ ತಂದದ್ದು. ಗಂಟಲು ಕೊಯ್ಸಿಕೊಂಡವರು ಇಳಿದುಹೋಗುತ್ತಾರಂತೆ. ನನ್ನ ರವಿಕೆಗಳನ್ನು ಬಿಚ್ಚಿ ಹೊಲಿಯಬೇಕಾಗಿದೆ.

ಬರೆದು ತೋರಿಸಲೆಂದು ಇವರು ಒಂದು ಸ್ಲೇಟು ತಂದುಕೊಟ್ಟರು. ನನಗೆ ನೀರು ಬೇಕು, ಮಾತ್ರೆ ಬೇಕು ಎನ್ನಲಿಕ್ಕೆ. ಮಧ್ಯಾಹ್ನದೊಳಗೆ ಅದರ ಮೇಲೆ ನನ್ನ ಕೈಯಲ್ಲಿ ‘ತೋಳಿಗೆ ಎಷ್ಟು ಬಿಡಬೇಕಂತೆ ಕೇಳು’ ಎಂದು ಬರೆಸಿದ್ದರು. ಮಾವ ಓದಿ, ಅಳಿಸಿ, ಉತ್ತರವನ್ನೂ ನನ್ನ ಕೈಯಲ್ಲೇ ಬರೆಸಿದರು. ಬಳಪ ಬಚ್ಚಿಟ್ಟೆ. ಟೈಲರ್ ಮನೆಯಲ್ಲಿ ಬಳಪಕ್ಕೆ ಬರವೇ? ಯಾರ ಜೇಬಿಗೆ ಕೈ ಹಾಕಿದರೂ ಗುರುತು ಹಾಕುವ ಸೀಮೆಸುಣ್ಣದ ತುಂಡು. ದೇವರ ದಯೆ, ಸಂಜೆ ಆ ಸ್ಲೇಟು ಕಿಟಕಿಯಿಂದ ಕೈಜಾರಿ ಬಿದ್ದು ಒಡೆದುಹೋಯಿತು.

ಆಗ ನನ್ನ ಕೆಲಸಕ್ಕೆ ಅಂಗಡಿಯ ಗೊಂಬೆ ಸೇರಿಕೊಂಡಿತು. ಕೋಟು ಹಾಕಿ ನೋಡುವ ಗೊಂಬೆ ಇದೆಯಲ್ಲ, ತಲೆಯಿಲ್ಲದ್ದು, ಕೋಟು ಮುಗಿಸಲು ಇವರು ಅದನ್ನು ಮೇಲಕ್ಕೆ ತಂದಿದ್ದರು. ಮಾವ ಅದರ ಎದುರು ನಿಂತು, ಅವಳ ಮಾತ್ರೆಗೆ ಹೊತ್ತಾಯಿತು ಅಂತ ಹೇಳು ಎಂದರು. ಇವರು ಅದರ ಬೆನ್ನ ಹಿಂದಿನಿಂದ, ಆಗಲೇ ಕೊಟ್ಟಾಯಿತು ಅಂತ ಹೇಳು ಎಂದರು. ಕಿವಿಯೂ ಇಲ್ಲ, ಗಂಟಲೂ ಇಲ್ಲ, ನನಗಿಂತ ಅಚ್ಚುಕಟ್ಟಾಗಿ ಕೆಲಸ ಮಾಡಿತು. ನಗು ತಡೆಯಲಾಗದೆ ನಕ್ಕು, ನೋವಿಗೆ ಕಣ್ಣೀರು ಬಂದು, ಅದನ್ನು ನೋಡಿ ಇಬ್ಬರೂ ಒಂದೊಂದು ಬಟ್ಟಲು ಗಂಜಿ ತಂದರು.

ಆದರೆ ಗೊಂಬೆ ಮಾತು ತಿದ್ದುವುದಿಲ್ಲವಲ್ಲ. ಆ ಕೋಟು ನಮ್ಮ ಹಳೆಯ ಗಿರಾಕಿ ವಕೀಲರದ್ದು, ಅವರ ಬಲಗೈ ಎಡಗೈಗಿಂತ ತುಸು ಗಿಡ್ಡ. ಮಾವನಿಗೆ ಗೊತ್ತು, ಪ್ರತಿ ಸಲ ನನಗೆ ಹೇಳುತ್ತಿದ್ದರು, ನಾನು ಇವರಿಗೆ ಹೇಳುತ್ತಿದ್ದೆ. ಈ ಸಲ ಹೇಳುವವರಿಲ್ಲ. ಒಂದು ತೋಳು ಗಿಡ್ಡ ಇದ್ದದ್ದು ನೋಡಿ, ಮುದುಕರಿಗೆ ಕಣ್ಣು ಪೂರಾ ಹೋಯಿತೆಂದು ಮರುಗಿ, ಅಪ್ಪನ ಮರ್ಯಾದೆ ಉಳಿಸಲೆಂದು ಇವರು ಉದ್ದದ ತೋಳನ್ನೂ ಗಿಡ್ಡ ಮಾಡಿಬಿಟ್ಟರು. ಗೊಂಬೆಯ ಮೈಮೇಲೆ ಅದನ್ನು ಕಂಡು ಮಾವ ಮಂಕಾಗಿ ಕೂತರು. ಹೇಳಲು ಬಾಯಿ ತೆರೆದರು, ಹೇಳು ಎನ್ನಲು ನನ್ನ ಕಡೆ ನೋಡಿದರು, ಮುಚ್ಚಿಕೊಂಡರು. ಅವತ್ತು ನನಗೆ ಅವರ ಮೇಲೆ ಮೊದಲ ಸಲ ಸಿಟ್ಟಿಗಿಂತ ಹೆಚ್ಚಾಗಿ ಅಯ್ಯೋ ಅನ್ನಿಸಿತು.

ಈಗ ನಾನು ಹೇಳುವುದಕ್ಕೆ ನೀನು ಬಯ್ಯಬಾರದು. ಗಂಜಿ ಕುಡಿದು ಕುಡಿದು ನಾಲಿಗೆ ಸತ್ತುಹೋಗಿತ್ತು. ಹಲ್ಲಿಗೆ ಏನಾದರೂ ಕೆಲಸ ಬೇಕಿತ್ತು. ಇಬ್ಬರೂ ಅಂಗಡಿಯಲ್ಲಿರುವಾಗ ಡಬ್ಬದಿಂದ ಒಂದು ರಸ್ಕು ಕದ್ದು ತಿಂದೆ. ಕರುಂ ಅಂದ ಸುಖ ಒಂದು ಗಳಿಗೆ. ಆಮೇಲೆ ಗಂಟಲಲ್ಲಿ ಏನೋ ಕಿತ್ತುಬಂದ ಹಾಗಾಗಿ, ಬೇಸಿನ್ನಿಗೆ ಉಗುಳಿದರೆ ರಕ್ತ. ಲೋಟ ಬಡಿದು ಸದ್ದು ಮಾಡಿದೆ. ಇಬ್ಬರೂ ಮೆಟ್ಟಿಲು ಹತ್ತಿ ಓಡಿ ಬಂದರು. ಇವರು ಬಾಗಿಲಲ್ಲೇ ಕಂಬದ ಹಾಗೆ ನಿಂತುಬಿಟ್ಟರು. ಮಾವ ನನ್ನ ಹಣೆ ಹಿಡಿದುಕೊಂಡು ತಿರುಗಿ ನೋಡಿದರು. ನನ್ನ ಕಡೆಗಲ್ಲ, ಗೊಂಬೆಯ ಕಡೆಗೂ ಅಲ್ಲ.

“ನಿಂತ್ಕೊಂಡು ಏನ್ ನೋಡ್ತಾ ಇದ್ದೀಯೋ, ಐಸ್ ತಗೊಂಡ್ ಬಾ.”

“ತರ್ತೀನಿ ಅಪ್ಪ,” ಎಂದರು ಇವರು.

ಆರು ವರ್ಷದ ಮೇಲೆ ಇಷ್ಟೇ ಮಾತು. ಬಾಯಲ್ಲಿ ರಕ್ತ ಇಟ್ಟುಕೊಂಡು ನಾನು ಅಳುತ್ತಿದ್ದದ್ದು ನೋವಿಗಲ್ಲ ಎಂದು ನಿನಗೊಬ್ಬಳಿಗೆ ಹೇಳುತ್ತೇನೆ.

ಟ್ಯಾಕ್ಸಿಯಲ್ಲಿ ನನ್ನನ್ನು ನಡುವೆ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟರು. ಆಗ ಶುರುವಾಯಿತು ನೋಡು. ರಸ್ಕು ಕೊಟ್ಟದ್ದು ನೀನು ಎಂದು ಇವರಿಗೆ ಮಾವ, ನೀವು ಎಂದು ಮಾವನಿಗೆ ಇವರು. ಗಂಜಿ ಗಟ್ಟಿ ಮಾಡಿದ್ದರಿಂದಲೇ ಗಂಟಲು ಕಿತ್ತದ್ದು, ನೀರು ಗಂಜಿ ಕೊಟ್ಟದ್ದರಿಂದಲೇ ಹಸಿವಿಗೆ ರಸ್ಕು ತಿಂದದ್ದು. ಅಲ್ಲಿಂದ ವಕೀಲರ ತೋಳಿಗೆ ಹೋಗಿ, ತೋಳಿನಿಂದ ಆ ಹಳೆಯ ಕಾಲರಿಗೆ ಬಂದರು. ಡ್ರೈವರು ಎರಡು ಸಲ ತಿರುಗಿ ನೋಡಿದ. ಮಾತುಗಳು ನನ್ನ ತಲೆಯ ಮೇಲಿಂದ ಹೋಗುತ್ತಿದ್ದವು, ನನ್ನೊಳಗಿಂದಲ್ಲ. ನಾನು ಐಸ್ ಚೀಪುತ್ತಾ ಸುಮ್ಮನೆ ಕೂತಿದ್ದೆ. ಅಷ್ಟು ಆರಾಮಾಗಿ ಕೂತು ನನಗೆ ಎಷ್ಟು ಕಾಲವಾಗಿತ್ತೋ. ಗಾಯದ ಪೊರೆ ಕಿತ್ತಿದೆ, ರಕ್ತ ನಿಂತಿದೆ, ಗಾಬರಿ ಬೇಡ, ರಸ್ಕೂ ಬೇಡ ಎಂದು ಹೇಳಿ ಡಾಕ್ಟರು ಕಳಿಸಿಕೊಟ್ಟರು.

ಮರುದಿನದಿಂದ ಬಟ್ಟಲು ಒಂದೇ ಆಯಿತು. ಗಟ್ಟಿಯೂ ಅಲ್ಲ, ನೀರೂ ಅಲ್ಲ. ಅದಕ್ಕೆ ಒಲೆಯ ಮುಂದೆ ಇಬ್ಬರೂ ನಿಂತು ಜಗಳವಾಡಬೇಕು. ಜಗಳವಾಡುವಾಗ ಪಾತ್ರೆಯ ತಳ ಸೀಯುತ್ತದೆ. ಸೀದದ್ದನ್ನು ಕೆರೆಯುತ್ತಾ ಮಾವ ಒಂದು ದಿನ, ಆ ಕಾಲರ್ ನಿಜವಾಗಿಯೂ ಒಂದಿಷ್ಟು ಎತ್ತರವೇ ಇತ್ತು ಎಂದರು. ಇವರು ಪಾತ್ರೆಯನ್ನು ಅವರ ಕೈಯಿಂದ ಇಸಿದುಕೊಂಡು ತಾವೇ ತಿಕ್ಕಿದರು. ವಕೀಲರ ಕೋಟಿಗೆ ಹೊಸ ತೋಳು ಕತ್ತರಿಸಿದ್ದಾರೆ. ಎಲ್ಲ ಸರಿಹೋಯಿತು ಎಂದಲ್ಲ, ಇಬ್ಬರೂ ಇನ್ನೂ ಹುಷಾರಾಗಿ ಮಾತಾಡುತ್ತಾರೆ. ಏನಾದರೂ ಕಷ್ಟದ ಮಾತು ಬಂದರೆ ಈಗಲೂ ಅಭ್ಯಾಸಬಲದಿಂದ ನನ್ನ ಕಡೆ ನೋಡುತ್ತಾರೆ. ನಾನು ಗಂಟಲು ಮುಟ್ಟಿಕೊಂಡು ತಲೆಯಾಡಿಸುತ್ತೇನೆ. ಆಗ ವಿಧಿಯಿಲ್ಲದೆ ಅವರೇ ಆಡುತ್ತಾರೆ.

ಹೋದ ಗುರುವಾರ ಇವರು ನನ್ನನ್ನು ತಪಾಸಣೆಗೆ ಕರೆದುಕೊಂಡು ಹೋಗಿದ್ದರು. ಬಂದು, ಇನ್ನೂ ಹದಿನೈದು ದಿನ ಮಾತಾಡಬಾರದಂತೆ ಎಂದು ಮಾವನಿಗೆ ಹೇಳಿದರು. ಮಾವ ಬಹಳ ಪೇಚಾಡಿಕೊಂಡರು. ಆದ್ದರಿಂದ ಈಗಲೇ ಬರಲಾಗುವುದಿಲ್ಲ. ಮಂಚದ ಕೆಳಗಿನ ಚೀಲ ಬಿಚ್ಚಿ ಬಟ್ಟೆಗಳನ್ನು ಮತ್ತೆ ಬೀರುವಿನಲ್ಲಿಟ್ಟಿದ್ದೇನೆ, ಮುದುರಿಹೋಗುತ್ತವೆ ಎಂದು. ಕೋಣೆಯನ್ನು ತಮ್ಮನಿಗೆ ಕೊಟ್ಟುಬಿಡು, ಅವನು ಅದರ ಮೇಲೆ ಕಣ್ಣಿಟ್ಟು ಎಷ್ಟೋ ದಿನವಾಯಿತು. ನಿನ್ನ ಮುಖ ನೋಡಬೇಕೆನ್ನಿಸಿದಾಗ ನಾನು ನೆಂಟರ ಹಾಗೆ ಬಂದು ನಿನ್ನ ಮಗ್ಗುಲಲ್ಲಿ ಮಲಗುತ್ತೇನೆ.

ಸದ್ಯಕ್ಕೆ ಬಾಯಿ ಮುಚ್ಚಿಕೊಂಡಿರುವ
ನಿನ್ನ ಮಗಳು

ತಾ.ಕ.: ಇದು ನಿನಗೊಬ್ಬಳಿಗೇ, ತಮ್ಮನಿಗೆ ಓದಿ ಹೇಳಬೇಡ, ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಸ್ಲೇಟು ಕೈಜಾರಿ ಬೀಳಲಿಲ್ಲ, ನಾನೇ ಎಸೆದೆ. ಇನ್ನು ಗುರುವಾರ ಡಾಕ್ಟರು ಟಾರ್ಚು ಬಿಟ್ಟು ನೋಡಿ, ಗಂಟಲು ಪೂರ್ತಿ ಮಾಗಿದೆ, ಏನು ಬೇಕಾದರೂ ತಿನ್ನಿ, ಎಷ್ಟು ಬೇಕಾದರೂ ಮಾತಾಡಿ ಎಂದರು. ಇವರು ಪಕ್ಕದ ಕುರ್ಚಿಯಲ್ಲೇ ಕೂತು ಕೇಳಿಸಿಕೊಂಡರು. ಆಮೇಲೆ ಮಾವನಿಗೆ ಆ ಹದಿನೈದು ದಿನದ ಮಾತು ಹೇಳುವಾಗ ನನ್ನ ಮುಖ ನೋಡಲಿಲ್ಲ. ನಾನೂ ಗಂಟಲು ಮುಟ್ಟಿಕೊಂಡು ತಲೆಯಾಡಿಸಿದೆ. ಮರುದಿನ ಬಚ್ಚಲಮನೆಯಲ್ಲಿ ಮೈಮರೆತು ಗಟ್ಟಿಯಾಗಿ ಹಾಡಿಕೊಂಡುಬಿಟ್ಟೆ. ಬಾಗಿಲು ತೆರೆದರೆ ಮಾವ ಟವೆಲು ಹಿಡಿದು ಎದುರಿಗೇ ನಿಂತಿದ್ದಾರೆ. ನನ್ನನ್ನೊಮ್ಮೆ ನೋಡಿದರು, ಅಂಗಡಿಯ ಮೆಟ್ಟಿಲ ಕಡೆ ಒಮ್ಮೆ ನೋಡಿದರು, ತುಟಿಯ ಮೇಲೆ ಬೆರಳಿಟ್ಟರು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಅವರು ಮಗನಿಗೆ ಹೇಳುತ್ತಿದ್ದದ್ದು ಕೇಳಿಸಿತು: “ಪಾಪ, ಅವಳಿಗೆ ಇನ್ನೂ ದನಿ ಬಂದಿಲ್ಲ ಕಣೋ. ಅವಸರ ಮಾಡೋದ್ ಬೇಡ.”