ಅತ್ತೆಗೆ ಹಚ್ಚಿದ ಜಡ್ಡು

ಮಾರ್ಚ್ 16, ಭಾನುವಾರ

ಮತ್ತೆ ಅದೇ. ಕಣ್ಣು ಉರಿ, ತಲೆ ಭಾರ, ಬಾಯಿ ಕಹಿ. ಅಶ್ವಗಂಧದ ಡಬ್ಬಿ ಖಾಲಿ. ಬಂದ ಗುಣ ಒಂದೇ — ಕುದುರೆಯ ಹಾಗೆ ನಿಂತೇ ತೂಕಡಿಸುವುದು. ಅದಕ್ಕೂ ಮುಂಚೆ ಮೆಗ್ನೀಸಿಯಂ. ಅದರಿಂದ ಹೊಟ್ಟೆ ಮಾತ್ರ ಸಡಿಲವಾಯಿತು.

ಅತ್ತೆ ಪಡಸಾಲೆಯಲ್ಲಿ ರಾತ್ರಿಯಿಡೀ ಗೊರಕೆ ಹೊಡೆದು, ಎದ್ದು, ಆಗಲೇ ರೊಟ್ಟಿ ಬಡಿಯುತ್ತಿದ್ದಾರೆ. ಚಿಂತೆ ಇಲ್ಲದವರಿಗೆ ಸಂತೆಯಲ್ಲೂ ನಿದ್ದೆ. ನನಗೇನು ಚಿಂತೆ ಎಂದು ಯಾರಾದರೂ ಕೇಳಿದರೆ ಹೇಳಲು ಬರುವುದಿಲ್ಲ. ನಿದ್ದೆ ಬರುತ್ತದೋ ಇಲ್ಲವೋ ಎಂಬುದೇ ಚಿಂತೆ.

ಮಾರ್ಚ್ 18

ಶಾಲೆ ಬಿಟ್ಟ ಮೇಲೆ ಮುಜಾಹಿದನ ಮೆಡಿಕಲ್ ಶಾಪು. ಈ ಸಲ ನಿದ್ದೆಗೆಂದು ಮೆಲಟೋನಿನ್. ನೋಡಲು ಜೆಲ್ಲಿ ಮಿಠಾಯಿ. ಡಾಕ್ಟರ ಚೀಟಿ ಬೇಡವಂತೆ. ನಿಜವಾಗಿ ಕೆಲಸ ಮಾಡುತ್ತದೆಯೇ ಎಂದೆ. “ಕೆಲವರಿಗೆ ಆಗ್ತದ, ಕೆಲವರಿಗಿಲ್ರಿ ಮೇಡಂ. ಒಮ್ಮಿ ಡಾಕ್ಟರಿಗೆ ತೋರಸ್ರಿ” ಎಂದ. ನಿದ್ದೆ ಬರುವುದಿಲ್ಲ ಎಂದು ಹೇಳಿಕೊಳ್ಳಲು ಡಾಕ್ಟರ ಮುಂದೆ ಕೂರುವುದೇ? ನಾಚಿಕೆ. ಅತ್ತೆ ಕೇಳಿದರೆ ವಿಟಮಿನ್ ಎನ್ನುವುದು.

ಮಾರ್ಚ್ 19

ರಾತ್ರಿ ನಿದ್ದೆ ಬಂತು. ಮಿಠಾಯಿಯ ಗುಣವೋ, ನಂಬಿಕೆಯ ಗುಣವೋ... ಯಾವುದಾದರೇನು.

ಅತ್ತೆ ಟ್ರಂಕಿನಿಂದ ಹಸಿರು ಇಳಕಲ್ ಸೀರೆ ತೆಗೆದು ತೋರಿಸಿದರು. ಚೀಕಲಪರ್ವಿಯಲ್ಲಿ ಅವರ ತಂಗಿಯ ಮೊಮ್ಮಗಳು ಬಸುರಿ, ಮುಂದಿನ ವಾರ ಗುರುವಾರ ಕುಬಸ. ಹಿರಿಯಳೆಂದು ಇವರೇ ಮೊದಲು ಉಡಿ ತುಂಬಬೇಕಂತೆ. ದಿನಕ್ಕೆರಡು ಸಲ ಅದೇ ಮಾತು.

ಮಾರ್ಚ್ 21, ಸಂಜೆ

ಹೇಗೆ ಬರೆಯಲಿ.

ನಿನ್ನೆ ರಾತ್ರಿ ಒಂದು ಮಿಠಾಯಿ ತಿಂದೆ. ಬರಲಿಲ್ಲ. ಇನ್ನೊಂದು. ಬೆಳಗಿನ ಜಾವ ಮತ್ತೊಂದು — ಎಸೆಸೆಲ್ಸಿ ಡ್ಯೂಟಿ, ದೇವದುರ್ಗಕ್ಕೆ ಮೊದಲ ಬಸ್ಸು, ಅಷ್ಟರೊಳಗೆ ಕಣ್ಣು ಮುಚ್ಚಿದರೆ ಸಾಕು ಅಂತ. ಪ್ರಶ್ನೆಪತ್ರಿಕೆ ಹಂಚಿದ್ದು ನೆನಪಿದೆ. ಕುರ್ಚಿಯಲ್ಲಿ ಕೂತದ್ದು ನೆನಪಿದೆ. ಆಮೇಲೆ ಜಂಬಣ್ಣ ಸರ್ ಪಕ್ಕದಲ್ಲಿ ನಿಂತು “ವಿಜಯಲಕ್ಷ್ಮಿ ಮೇಡಂ, ಮೇಡಂ” ಎನ್ನುತ್ತಿದ್ದರು. ಅವರು ಸೆಂಟರಿನ ಮುಖ್ಯಸ್ಥರು. ಪರೀಕ್ಷಾ ಕೋಣೆಯ ಕ್ಯಾಮೆರಾದಲ್ಲಿ ನನ್ನನ್ನು ನೋಡಿ ರಾಯಚೂರಿನ ಜಿಲ್ಲಾ ಕಚೇರಿಯಿಂದ ಫೋನ್ ಬಂದಿತ್ತು.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿ ನಿಂತಿದ್ದಳು, ಅಡಿಷನಲ್ ಶೀಟಿಗೆ. ಎಷ್ಟು ಹೊತ್ತಿಂದಲೋ. ಎಬ್ಬಿಸಿದರೆ ಮೇಡಂ ಬೈದಾರೆಂದು ಸುಮ್ಮನಿದ್ದಳಂತೆ.

ಸರ್ ಹೊರಗೆ ಕರೆದು ಏನಾಯಿತೆಂದು ಕೇಳಿದರು. ಮಿಠಾಯಿ ತಿಂದೆ ಅನ್ನಲೇ? ಬಾಯಿಗೆ ಬಂದದ್ದು: “ಅತ್ತಿಯವ್ರಿಗೆ ಭಾಳ ಆರಾಮಿಲ್ರಿ ಸರ್. ರಾತ್ರೆಲ್ಲಾ ದವಾಖಾನ್ಯಾಗಿದ್ದೆ.”

ಅವರ ಮುಖ ಮೆತ್ತಗಾಯಿತು. ಮೇಲಿನವರಿಗೆ ತಾವೇ ಹೇಳಿಕೊಳ್ಳುವುದಾಗಿ, ಉಳಿದ ಪರೀಕ್ಷೆಗಳಿಗೆ ಬೇರೆಯವರನ್ನು ಹಾಕುವುದಾಗಿ ಹೇಳಿ ಮನೆಗೆ ಕಳಿಸಿದರು. ಬಸ್ಸಿನಲ್ಲಿ ಒಂದು ಚೂರೂ ನಿದ್ದೆ ಬರಲಿಲ್ಲ.

ಮಾರ್ಚ್ 23, ಭಾನುವಾರ

ಜಂಬಣ್ಣ ಸರ್ ಬಂದಿದ್ದರು. ಹೆಂಡತಿಯ ಜೊತೆ. ಎಳನೀರು, ಮೋಸಂಬಿ. ಅವರ ಮನೆಯೂ ಮಾನ್ವಿಯಲ್ಲೇ, ಬಸ್‌ಸ್ಟ್ಯಾಂಡಿನ ಎದುರು. ಜಡ್ಡಾದವರನ್ನು ಮಾತಾಡಿಸದೆ ಬಿಡುವ ಜನವೇ ನಮ್ಮದು? ನನಗೆ ಅದು ಹೊಳೆಯಲೇ ಇಲ್ಲ. ಅತ್ತೆಗೆ ಒಂದು ಮಾತು ಹೇಳಿಯೂ ಇರಲಿಲ್ಲ.

ಅತ್ತೆ ಮೆಣಸಿನಕಾಯಿ ತೊಟ್ಟು ಮುರಿಯುತ್ತಾ ಕೂತಿದ್ದರು. “ಹೆಂಗದೀರಿ ಯವ್ವಾ? ದವಾಖಾನಿಯಿಂದ ಯಾವಾಗ ಬಂದ್ರಿ?” ಎಂದರು ಸರ್. ಅತ್ತೆ ನನ್ನ ಮುಖ ನೋಡಿದರು. ಒಂದೇ ಸಲ. ಗೋಡೆ ಹಿಡಿದು ಎದ್ದು ಮಂಚದ ಮೇಲೆ ಅಡ್ಡಾದರು.

“ಹಿಂಗ ಅದೀನಿ ಯಪ್ಪಾ. ಈಕಿ ಇದ್ದಾಳಂತ ಉಳದೀನಿ.”

ಅವರು ಹೋದ ಮೇಲೆ ಎಲ್ಲ ಹೇಳಿದೆ. ಡಬ್ಬಿಯನ್ನೂ ತೋರಿಸಿದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಡಬ್ಬಿ ತಿರುಗಿಸಿ ನೋಡಿ, ಇದನ್ನು ತಿಂದು ನಿದ್ದೆ ಬಂತೇ ಎಂದು ಕೇಳಿದರು. ಬೇಕಾದಾಗ ಬರಲಿಲ್ಲ ಎಂದೆ.

ಮಾರ್ಚ್ 25

ಡಬ್ಬಿ ಮುಟ್ಟಿಲ್ಲ. ಓಣಿಗೆಲ್ಲ ಸುದ್ದಿಯಾಗಿದೆ. ಪಕ್ಕದ ಮನೆಯ ಯಮನಮ್ಮ ಗಂಜಿ ತಂದಳು, ಅತ್ತೆ ಮಲಗಿಕೊಂಡೇ ಕುಡಿದರು. ಯಜಮಾನರಿಗೆ ಫೋನ್ ಮಾಡಿ ಹೇಳೋಣವೆಂದರೆ ಮಾರ್ಚ್ ಎಂಡಿಂಗ್, ರಾಯಚೂರಿನ ಬ್ಯಾಂಕಿನಲ್ಲಿ ಉಸಿರಾಡಲೂ ಪುರುಸೊತ್ತಿಲ್ಲ. ಏನೆಂದು ಹೇಳಲಿ? ಗಟ್ಟಿಮುಟ್ಟಾಗಿದ್ದ ನಿಮ್ಮ ತಾಯಿಗೆ ಹಾಸಿಗೆ ಹಿಡಿಸಿದ್ದೇನೆ ಅಂತಲೇ? ಥೂ ನನ್ನ.

ಮಾರ್ಚ್ 26, ಸಂಜೆ

ಇಳಕಲ್ ಸೀರೆ ಮತ್ತೆ ಟ್ರಂಕು ಸೇರಿದೆ. ನಾಳೆ ಕುಬಸವಲ್ಲವೇ ಎಂದೆ.

“ಬಸ್‌ಸ್ಟ್ಯಾಂಡಿನ್ಯಾಗ ನಿಮ್ಮ ಸರ್ ಕಣ್ಣಿಗೆ ಬಿದ್ರ? ನಿನ್ನ ನೌಕರಿ ಉಳೀಲಿ ಬೇ. ಕುಬಸ ಮತ್ತ ಬರ್ತಾವ.”

ತಂಗಿಗೆ ಫೋನ್ ಮಾಡಿ ಆರಾಮಿಲ್ಲ ಎಂದರು. ಆ ಮುದುಕಿ ಅಳುವುದು ನನ್ನವರೆಗೂ ಕೇಳಿಸಿತು. ಇವರು ಆಕೆಯನ್ನು ಸಮಾಧಾನ ಮಾಡುತ್ತಿದ್ದರು, ಇಲ್ಲದ ಜಡ್ಡಿಗೆ.

ಭಾನುವಾರದಿಂದ ಪಡಸಾಲೆಯಲ್ಲಿ ಗೊರಕೆಯಿಲ್ಲ. ಇವತ್ತಷ್ಟೇ ಗಮನಿಸಿದೆ. ನನಗೆ ನಿದ್ದೆ ತರುತ್ತೇನೆಂದು ಹೊರಟು ಅವರ ನಿದ್ದೆಯನ್ನೂ ಕಳೆದೆ.

ಸೀರೆ ಹೊರತೆಗೆದು ಇಸ್ತ್ರಿ ಮಾಡಿ ಮಂಚದ ಮೇಲಿಟ್ಟೆ. ಮೆಮೋ ಬರಲಿ. ಇನ್‌ಕ್ರಿಮೆಂಟ್ ಹೋಗಲಿ. ಫೋನ್ ಕೈಯಲ್ಲಿದೆ. ಜಂಬಣ್ಣ ಸರ್ ಎತ್ತಿದ ಕೂಡಲೇ ಏನು ಕೇಳುತ್ತಾರೆ ಗೊತ್ತು — ಅತ್ತಿಯವರು ಹೆಂಗದಾರ್ರಿ? ಉತ್ತರ ಮೊದಲೇ ಬರೆದಿಟ್ಟುಕೊಳ್ಳುತ್ತೇನೆ. ಇಲ್ಲದಿದ್ದರೆ ಈ ನಾಲಗೆ ಮತ್ತೆ ಅವರಿಗೇ ಜಡ್ಡು ಹಚ್ಚೀತು.

ಸರ್, ಅತ್ತೆ ಆರಾಮ ಇದ್ದಾರೆ. ಮೊದಲಿಂದಲೂ ಆರಾಮ ಇದ್ದರು. ಅವತ್ತು ನಾನು ನಿದ್ದೆಗೆಂದು ಮೂರು ಮಿಠಾಯಿ ತಿಂದು ಬಂದಿದ್ದೆ.