ಬೀಪಾತುಮ್ಮನ ತಂಗಿ

ಆಸ್ಪತ್ರೆಯಿಂದ, ೧೯೭೮

ಪ್ರೀತಿಯ ಝೀಟಾ,

ನೀನು ಕಲ್ಯಾಣಪುರದ ಇಗರ್ಜಿಯ ಸಮಾಧಿಯ ಮಣ್ಣಿನಲ್ಲಿ ಮಲಗಿದ್ದೀ, ಅಂಚೆಯವನು ಇದನ್ನು ಯಾರ ಕೈಗೆ ಕೊಡುವುದು? ಆದರೂ ಬರೆಯುತ್ತೇನೆ.

ಬಾವಿಕಟ್ಟೆಯಲ್ಲಿ ಜಾರಿ ಕಾಲು ಮುರಿದುಕೊಂಡೆ. ಪ್ಲಾಸ್ಟರ್ ಬಿಗಿಯಾಗಿ ಬೆರಳುಗಳು ನೀಲಿಗಟ್ಟಿದವು. ಕನ್ಯಾಸ್ತ್ರೀಯಾದ ನರ್ಸಿಗೆ ಹೇಳಿದರೆ "ನೋವನ್ನು ಯೇಸುವಿಗೆ ಒಪ್ಪಿಸಿ ಅಮ್ಮ" ಎಂದರು. ಕನ್ಯಾಸ್ತ್ರೀಗೆ ಎದುರಾಡಿದರೆ ಪಾಪವೆಂದು ಜಪಸರದ ಮಣಿ ಎಣಿಸತೊಡಗಿದೆ.

ಪಕ್ಕದ ಹಾಸಿಗೆಯಲ್ಲಿ ಕಾಪುವಿನ ಬೀಪಾತುಮ್ಮ. ಗ್ಲೂಕೋಸಿನ ಸೂಜಿಯಿಂದ ಅವಳ ಕೈ ಬಾತಿತ್ತು. ಅವಳ ತಂಗಿ ಆಸ್ಯಾ, "ಎಂತ ಸಿಸ್ಟರ್, ನಿಮಗೆ ಕಣ್ಣು ಕಾಣುವುದಿಲ್ವಾ?" ಎಂದು ವಾರ್ಡನ್ನೇ ನಡುಗಿಸಿದಳು. ಡಾಕ್ಟರ್ ಓಡಿ ಬಂದು ಸೂಜಿ ಬದಲಿಸಿ ಹೋದರು. ಬೀಪಾತುಮ್ಮನಿಗೆ ತಂಗಿ ಇದ್ದಾಳಲ್ಲ ಎಂದು ನನ್ನ ಹೊಟ್ಟೆ ಉರಿದುಹೋಯಿತು. ಹಾಗೆ ಕೂಗಿದವಳು ನೀನಾಗಿದ್ದರೆ ಡಾಕ್ಟರ್ ಹಾರಿಯೇ ಬರುತ್ತಿದ್ದರು.

ಆ ಉರಿಯಲ್ಲೇ ನಾನೂ ಕೂಗಿದೆ. "ಸಿಸ್ಟರ್, ನೋವನ್ನು ಯೇಸುವಿಗೆ ಒಪ್ಪಿಸಿ ಆಯಿತು. ಕಾಲು ನನಗೇ ಬೇಕು. ಡಾಕ್ಟರನ್ನು ಕರೆಯಿರಿ!"

ಡಾಕ್ಟರ್ ಮತ್ತೆ ಬಂದು ಪ್ಲಾಸ್ಟರ್ ಸೀಳಿದರು. ಬೆರಳುಗಳು ಮೆಲ್ಲಗೆ ಬೆಚ್ಚಗಾದವು.

ಆಸ್ಯಾ ನಕ್ಕಳು. "ಭಾರೀ ಜೋರು ಮಾರಾಯ್ರೆ ನೀವು! ನಿಮ್ಮನ್ನು ನೋಡಲಿಕ್ಕೆ ಯಾರೂ ಇಲ್ವಾ?"

"ತಂಗಿ ಇದ್ದಾಳೆ" ಎಂದೆ. "ನಾಳೆ ಬರುತ್ತಾಳೆ."

ನಿನ್ನ ಅಕ್ಕ,
ನತಾಲಿಯಾ