ಮೂರು ತಿಂಗಳ ಗುಟ್ಟು

ಅವ್ವಾ,

ನೀನು ಹೋಗಿ ಎರಡು ವರ್ಷವಾಯಿತು. ಇಷ್ಟು ದಿನ ಬರೆಯದೆ ಇದ್ದದ್ದು ಮರೆತಲ್ಲ, ಒಂದು ಸುದ್ದಿಯನ್ನು ನಿನಗೆ ಹೇಗೆ ಹೇಳಬೇಕೋ ತಿಳಿಯದೆ. ಈಗ ನಿನ್ನ ಸಣ್ಣ ಮಗಳು ಶಾಂತಾ ಬಸುರಿ, ಎರಡನೇ ತಿಂಗಳು. ನನಗೆ ಹೆದರಿಕೆ. ನಿನಗಲ್ಲದೆ ಯಾರಿಗೆ ಹೇಳಲಿ?

ಆ ಪಂಚಮಿ ನೆನಪಿದೆಯಾ? ಗಂಡನ ಮನೆ ರೋಣದಿಂದ ಗಜೇಂದ್ರಗಡದ ತವರಿಗೆ ಬಂದು ಬಸ್ಸಿನಿಂದ ಇಳಿದ ನನ್ನ ಮುಖ ನೋಡಿಯೇ ನಾನು ಬಸುರಿ ಅಂತ ನೀನು ಗುರುತು ಹಿಡಿದೆ. "ಮೂರು ತಿಂಗಳು ತುಂಬೂತನಾ ಯಾರ ಮುಂದನೂ ಬಾಯಿ ಬಿಡಬ್ಯಾಡ, ದೃಷ್ಟಿ ಆಗತೈತಿ" ಅಂದೆ. ಎಮ್ಮೆ ಗಬ್ಬಾದರೂ ಓಣಿಗೆಲ್ಲ ಸಾರಿ ಬರುವವಳು ನೀನು! ಇದೊಂದು ಮಾತು ನಿನ್ನ ಹೊಟ್ಟೆಯಲ್ಲಿ ನಿಂತಿತು. ಮರುದಿನ ಪಕ್ಕದ ಮನೆಯ ಹುಸೇನಬಿ ಮಗನನ್ನು ಎತ್ತಿಕೊಂಡು ಬಂದಳು. ಅವನ ಮೈತುಂಬ ಸಣ್ಣ ಕೆಂಪು ದದ್ದು. "ಸ್ವಲ್ಪ ಹಿಡಕೊ ಅಕ್ಕಾ, ನೀರು ತುಂಬಿ ಬರ್ತೀನಿ" ಅಂತ ನನ್ನ ತೊಡೆಯ ಮೇಲೆ ಕೂರಿಸಿ ಹೋದಳು. ಉಂಡಿ ಕಟ್ಟುತ್ತಿದ್ದ ನೀನು ಒಳಗಿಂದ ನೋಡಿದೆ. ಬೇಡ ಅಂದರೆ ಯಾಕೆ ಅಂತ ಕೇಳುತ್ತಾಳೆ, ಗುಟ್ಟು ರಟ್ಟಾಗುತ್ತದೆ. ಇಬ್ಬರೂ ಸುಮ್ಮನಾದೆವು.

ಹದಿನೈದು ದಿನಕ್ಕೆ ನನ್ನ ಮೈಮೇಲೂ ಅದೇ ದದ್ದು. ಮೂರು ದಿನದಲ್ಲಿ ಮಾಯ. ನಾನು ನಕ್ಕುಬಿಟ್ಟಿದ್ದೆ. ರೋಣದ ಡಾಕ್ಟರಬಾಯಿ ಮಾತ್ರ ನಗಲಿಲ್ಲ. "ಇದಕ್ಕ ರುಬೆಲ್ಲಾ ಅಂತಾರವಾ. ನಿನಗೇನೂ ಆಗಂಗಿಲ್ಲ. ಹೊಟ್ಟ್ಯಾಗಿನ ಕೂಸಿನ ಕಣ್ಣು, ಕಿವಿ, ಹೃದಯಕ್ಕ ಪೆಟ್ಟು ಬೀಳಬಹುದು. ಬೀಳದನೂ ಇರಬಹುದು." ಮುಂದಿನ ಆರು ತಿಂಗಳು ಹೇಗೆ ಕಳೆದೆವು ಅವ್ವಾ? ಸೀಮಂತದ ಕುಬುಸ ಮಾಡಿದ ದಿನ ಎಲ್ಲರೂ ಹಾಡುತ್ತಿದ್ದರೆ ನೀನು ನನ್ನ ಹೊಟ್ಟೆಯನ್ನೇ ನೋಡುತ್ತ, "ಅವತ್ತ ನನ್ನ ಬಾಯಿಗೆ ಏನ್ ಬಡದಿತ್ತ..." ಅಂದೆ.

ಗಂಗಾ ಹುಟ್ಟಿದಾಗ ನೀನು ಬೆರಳು ಎಣಿಸಿದೆ, ಕಣ್ಣ ಮುಂದೆ ದೀಪ ಆಡಿಸಿದೆ. ಹೃದಯವೂ ಚಲೋ ಇದೆ ಅಂದರು. ಆದರೆ ಕಿವಿ ಕೇಳುತ್ತದೋ ಇಲ್ಲವೋ ನೋಡಿದರೆ ತಿಳಿಯುತ್ತದೆಯೇ? ಅಪ್ಪನ ಮಗ್ಗದ ಕೋಣೆಯ ತೊಲೆಗೇ ತೊಟ್ಟಿಲು ಕಟ್ಟಿದ್ದೆವು. ಅಪ್ಪ ಮಗ್ಗ ಬಡಿಯತೊಡಗಿದರೆ ಅಳುತ್ತಿದ್ದ ಕೂಸು ಸುಮ್ಮನಾಗಿ ಕಣ್ಣರಳಿಸುತ್ತಿತ್ತು. "ಕೇಳತೈತಿ! ಖರೇನ ಕೇಳತೈತಿ!" ಅಂತ ನೀನು ಓಣಿಗೆಲ್ಲ ಸಕ್ಕರೆ ಹಂಚಿದೆ. ಮುಂದಿನ ತಿಂಗಳೇ ಕಾಮಾಲೆಯಾಗಿ ಹೋಗಿಬಿಟ್ಟೆ.

ಆಮೇಲೆ ಒಂದು ದಿನ ರೋಣದ ಮನೆಯಲ್ಲಿ ಅತ್ತೆಯ ಕೈಜಾರಿ ಹಿತ್ತಾಳೆ ಕೊಡ ಬಿತ್ತು. ನಾನು ಬೆಚ್ಚಿಬಿದ್ದೆ. ನನ್ನ ಹೆಗಲ ಮೇಲಿದ್ದ ಗಂಗಾ ತಿರುಗಿಯೂ ನೋಡಲಿಲ್ಲ. ಮರುದಿನವೇ ಬಸ್ ಹತ್ತಿ ಬಂದು ಅವಳನ್ನು ಎತ್ತಿಕೊಂಡು ಮಗ್ಗದ ಪಕ್ಕ ನಿಂತೆ. ಅಪ್ಪ ಬಡಿದೇ ಬಡಿದ, ಅವಳ ಅಳು ನಿಲ್ಲಲಿಲ್ಲ. ತೊಟ್ಟಿಲಲ್ಲಿ ಹಾಕಿದೆ, ಕಣ್ಣರಳಿಸಿದಳು. ಮಗ್ಗದ ಬಡಿತಕ್ಕೆ ತೊಲೆ ಅದುರುತ್ತಿತ್ತು, ತೊಲೆಯ ಜೊತೆ ತೊಟ್ಟಿಲು. ಅವಳಿಗೆ ತಿಳಿಯುತ್ತಿದ್ದದ್ದು ಅಷ್ಟೇ. ಅಪ್ಪ ಮಗ್ಗದ ಗುಂಡಿಯಲ್ಲೇ ತಲೆ ಹಿಡಿದು ಕೂತ. ಇದೇ ಅವ್ವಾ, ನಿನಗೆ ಹೇಳಲಾರದೆ ಇಟ್ಟುಕೊಂಡ ಸುದ್ದಿ. ಈಗ ಹುಬ್ಬಳ್ಳಿಯಿಂದ ತಂದ ಮಷೀನು ಅವಳ ಕಿವಿಗಿದೆ. ಜೋರಾಗಿ ಕರೆದರೆ ಒಮ್ಮೊಮ್ಮೆ ತಿರುಗುತ್ತಾಳೆ, ಒಮ್ಮೊಮ್ಮೆ ಇಲ್ಲ.

ಹೋದ ವಾರ ಶಾಂತಾ ತವರಿಗೆ ಬಂದಳು, ಅವಳ ಹಿಂದೆಯೇ ನಾನೂ ಬಂದೆ. "ಮೂರು ತುಂಬೂತನಾ ಸುಮ್ಮನಿರ್ರಿ" ಅಂದಳು ದೊಡ್ಡವ್ವ, ಥೇಟ್ ನಿನ್ನ ಹಾಗೆಯೇ. ನನಗೆ ಸಿಟ್ಟು ನೆತ್ತಿಗೇರಿತು. ನಿನ್ನ ಮೇಲೂ ಬಂತು, ಯಾಕೆ ಸುಳ್ಳು ಹೇಳಲಿ? ಚಪ್ಪಲಿ ಮೆಟ್ಟಿಕೊಂಡು ಓಣಿಯ ಒಂದೊಂದೇ ಬಾಗಿಲಿಗೆ ಹೋಗಿ ಹೇಳಿದೆ: "ನಮ್ಮ ಶಾಂತಾಗ ಎರಡು ತಿಂಗಳು. ಜ್ವರ ಬಂದ, ದದ್ದು ಎದ್ದ ಹುಡುಗರನ್ನ ಕರಕೊಂಡು ಬರಬ್ಯಾಡ್ರಿ." ದೃಷ್ಟಿ ಆಗುವುದಿದ್ದರೆ ನನಗೇ ಆಗಲಿ. ಆದರೂ ಅವಳು ಒಮ್ಮೆ ಸೀನಿದರೆ ಸಾಕು, ನನ್ನ ಕೈ ಅವಳ ಹಣೆಗೆ ಹೋಗುತ್ತದೆ.

ನಿನ್ನೆ ಹುಸೇನಬಿ ಬಂದಳು, ಸೊಂಟದ ಮೇಲೆ ಸಣ್ಣ ಮಗಳು. ಒಳಗೆ ಬಾ ಅಂದೆ. ಹೊಸ್ತಿಲ ಆಚೆಯೇ ನಿಂತಳು.

"ಬ್ಯಾಡಕ್ಕಾ, ಇಕಿ ಮೈ ಬೆಚ್ಚಗೈತಿ. ಒಳಗ ಶಾಂತಾ ಅದಾಳಲ್ಲ."

ಅಲ್ಲಿಂದಲೇ ಹೊರಳಿ ಹೋದಳು. ಒಂದು ಮಾತು ಹೇಳಿದ್ದರೆ ಅವತ್ತೂ ಹೀಗೇ ಹೋಗುತ್ತಿದ್ದಳು, ಅಲ್ಲವಾ?

ಗಂಗಾಳ ಕಿವಿ ಹೋದದ್ದು ತನ್ನ ಮಗನ ದದ್ದಿನಿಂದ ಅಂತ ಅವಳಿಗೆ ಗೊತ್ತಿಲ್ಲ. ನಿನ್ನಾಣೆ ಅವ್ವಾ, ಅದೊಂದು ಗುಟ್ಟು ನನ್ನ ಹೊಟ್ಟೆಯಲ್ಲೇ ಇರುತ್ತದೆ.

ನಿನ್ನ ಹಿರಿಮಗಳು,
ಸುಶೀಲಾ